ಗೊಯ್ಕೊ ಯಾರನ್ನೂ ಕರೆಯಲಿಲ್ಲ

ನಮ್ಮ ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದು ಗೊಯ್ಕೊಗೆ ಗೊತ್ತಿದ್ದಷ್ಟು ಆ ಮನೆಯವರಿಗೂ ಗೊತ್ತಿರಲಿಲ್ಲ. ಊಟಕ್ಕೆ ಹೋಗಿ ತಿಳಿದುಕೊಂಡದ್ದಲ್ಲ. ಅವನನ್ನು ಊಟಕ್ಕೆ ಕೂರಿಸಿದವರು ಯಾರಿದ್ದಾರೆ? ಅವನು ಕೊಳಾಯಿ ರಿಪೇರಿಯವನು. ಹತ್ತು ಮಹಡಿ, ನಲವತ್ತು ಮನೆ. ನಲವತ್ತೂ ಮನೆಗಳ ಸಿಂಕಿನ ಕೆಳಗೆ ಅಂಗಾತ ಮಲಗಿದವನು ಅವನೊಬ್ಬನೇ. ಪೈಪು ಬಿಚ್ಚಿ, ಒಳಗಿನದ್ದನ್ನು ಬಕೆಟ್ಟಿಗೆ ಸುರಿದು, ಡಾಕ್ಟರು ನಾಲಗೆ ನೋಡುವ ಹಾಗೆ ಅದನ್ನು ನೋಡಿ, ಯಾರೂ ಕೇಳದಿದ್ದರೂ ಒಂದು ಮಾತು ಹೇಳಿಯೇ ಹೋಗುತ್ತಿದ್ದ.

ಮೂರನೇ ಮಹಡಿಯ ಝಾಗೊರ್ಕಾಳಿಗೆ ಹೇಳಿದ್ದ: "ಹಂದಿ ಕೊಬ್ಬು ಜಾಸ್ತಿ ಆಯ್ತು ಕಣಮ್ಮ. ಪೈಪೇ ಹಿಂಗಾಗಿದೆ ಅಂದ್ರೆ ನಿನ್ನ ಗಂಡನ ನರಗಳು ಹೆಂಗಿರ್ಬೇಡ!"

ನಾಲ್ಕನೇ ಮಹಡಿಯ ನನಗೆ ಹೇಳಿದ್ದು ಇದು: "ಪೆರ್ಸಿದಕ್ಕ, ಕಾಫಿ ಗಸಿ, ಮೊಟ್ಟೆ ಚಿಪ್ಪು. ಹೋದ ಸಲಾನೂ ಇದೇ. ಅದರ ಹಿಂದಿನ ಸಲಾನೂ ಇದೇ. ಬೇರೆ ಏನಾದ್ರೂ ತಿಂತೀಯೋ ಇಲ್ವೋ?"

"ನಿನ್ನ ಕೆಲಸ ನೀನು ನೋಡ್ಕೊ. ನನ್ನ ಹೊಟ್ಟೆ ನಿನ್ನ ಬಕೆಟ್ಟಿಗೆ ಬರೋದಲ್ಲ," ಎಂದು ಗದರಿಸಿ ಕಳಿಸಿದ್ದೆ. ಮೈಯೆಲ್ಲ ಉರಿದುಹೋಗಿತ್ತು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಾ ನಾನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು ನಾನು. ನನ್ನ ಕೈಗೆ ಒಬ್ಬರ ಅಳತೆ ಇವತ್ತಿಗೂ ಬಂದಿಲ್ಲ. ಗಂಡ ತೀರಿಕೊಂಡ ಮೇಲೆ ಒಮ್ಮೆ ಹುರುಳಿಕಾಯಿ ಸೂಪು ಮಾಡಿದ್ದೆ. ಒಂಬತ್ತು ದಿನ ಅದನ್ನೇ ತಿಂದೆ. ಆಮೇಲೆ ಮೊಟ್ಟೆಯೇ ವಾಸಿ ಅನ್ನಿಸಿತು. ಮೊಟ್ಟೆಯನ್ನು ಒಂದೊಂದಾಗಿ ಎಣಿಸಿ ಒಡೆಯಬಹುದು. ಇದನ್ನೆಲ್ಲ ಒಬ್ಬ ಕೊಳಾಯಿಯವನಿಗೆ ವಿವರಿಸುತ್ತಾ ಕೂರಲೇ?

ಗೊಯ್ಕೊ ಬೆಲ್‌ಗ್ರೇಡಿನವನಲ್ಲ. ಗಡಿಯ ಆಚೆ ಬೆಟ್ಟದ ಸೀಮೆಯ ಯಾಸೆನಿಕ್ ಎಂಬ ಹಳ್ಳಿಯವನು. ದೇಶ ಒಡೆದ ಯುದ್ಧದ ಕೊನೆಯ ಬೇಸಿಗೆಯಲ್ಲಿ ಊರಿಗೆ ಊರೇ ಟ್ರ್ಯಾಕ್ಟರು ಹತ್ತಿ ಹೊರಟಾಗ ಅವನೂ ತಾಯಿಯನ್ನು ಹಾಸಿಗೆ ಸಮೇತ ಹೊರಿಸಿಕೊಂಡು ಬಂದಿದ್ದ. ನಾಲ್ಕೈದು ವರ್ಷ ಯಾವುದೋ ಶಾಲೆಯ ವ್ಯಾಯಾಮದ ಹಾಲಿನಲ್ಲಿ ಪರದೆ ಕಟ್ಟಿಕೊಂಡು ಇದ್ದರು. ತಾಯಿ ಅಲ್ಲೇ ತೀರಿಕೊಂಡಳು. ತಮ್ಮ ಆಸ್ಟ್ರೇಲಿಯಾ ಸೇರಿದ. ಇವನು ಮದುವೆಯಿಲ್ಲ, ಮಕ್ಕಳಿಲ್ಲ, ನಮ್ಮ ಕಟ್ಟಡದ ಏಳನೇ ಮಹಡಿಯ ಒಂದು ಕೋಣೆ ಮನೆಗೆ ಬಂದು ಬಿದ್ದ. ಎತ್ತರದ ಆಳು, ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸುತ್ತಿದ್ದ. ನಮ್ಮ ಬಾಗಿಲುಗಳು ಅಷ್ಟೇನೂ ಗಿಡ್ಡವಲ್ಲ. ಅವನ ಊರಿನವು ಇದ್ದಿರಬೇಕು.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಮನೆಸಂತ. ಅಪ್ಪನಿಂದ ಮಗನಿಗೆ ಬರುವ ಆಸ್ತಿ ಅದು. ಹೊಲ ಹೋದರೂ ಅವನು ಹೋಗುವುದಿಲ್ಲ. ವರ್ಷಕ್ಕೊಮ್ಮೆ ಅವನ ದಿನ ಸ್ಲಾವಾ. ಮೇಣದ ದೊಡ್ಡ ಬತ್ತಿ ಹಚ್ಚಿ, ರೊಟ್ಟಿಯನ್ನು ಚರ್ಚಿನಲ್ಲಿ ಕೊಯ್ಯಿಸಿಕೊಂಡು ಬಂದು, ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಬಾಗಿಲಲ್ಲಿ ಇಟ್ಟುಕೊಂಡು, ಯಜಮಾನ ದಿನವಿಡೀ ನಿಂತೇ ಬಂದವರನ್ನು ಉಪಚರಿಸಬೇಕು. ಬೇರೆ ಕೆಲಸ ಮುಟ್ಟುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಮಾತು: ಸ್ಲಾವಾಕ್ಕೆ ಯಾರನ್ನೂ ಕರೆಯುವಂತಿಲ್ಲ. ಗೊತ್ತಿದ್ದವರು ತಾವಾಗಿ ಬರಬೇಕು. ಒಮ್ಮೆ ಬಂದವರು ಪ್ರತಿ ವರ್ಷ ಬರಬೇಕು.

ಈಗಿನವರು ಫೋನು ಮಾಡಿ, ಸುತ್ತಿ ಬಳಸಿ, "ನಾವು ಆವತ್ತು ಮನೇಲೇ ಇರ್ತೀವಪ್ಪ" ಎಂದು ಹೇಳಿ ಕರೆದೇಬಿಡುತ್ತಾರೆ. ಗೊಯ್ಕೊ ಮಾತ್ರ ಕಲ್ಲಿನಂತೆ ಕೂತ. ಅವನ ತಾಯಿ ಕರೆಯಲಿಲ್ಲ, ಅಜ್ಜ ಕರೆಯಲಿಲ್ಲ, ಇವನೂ ಕರೆಯುವುದಿಲ್ಲ. ಯಾಸೆನಿಕ್‌ನಲ್ಲಿ ಕರೆಯುವ ಅಗತ್ಯವಾದರೂ ಏನಿತ್ತು? ಸಂತ ಲೂಕನ ದಿನ, ಅಕ್ಟೋಬರ್ ಮೂವತ್ತೊಂದಕ್ಕೆ, ಇಡೀ ಊರಿನ ಕಾಲು ಇವರ ಮನೆಯ ಕಡೆಗೇ. ಬೆಲ್‌ಗ್ರೇಡಿನ ಕಟ್ಟಡದಲ್ಲಿ ಏಳನೇ ಮಹಡಿಯವನ ಮನೆಸಂತ ಯಾರೆಂದು ಯಾವನಿಗೆ ಗೊತ್ತು? ಮೊದಲ ಎರಡು ವರ್ಷ ಊರಿನ ಕಡೆಯ ಒಬ್ಬ ಮುದುಕ ಬಸ್ಸು ಹಿಡಿದು ಬಂದು ಹೋಗುತ್ತಿದ್ದನಂತೆ. ಅವನೂ ಸತ್ತ. ಆಮೇಲೆ ಏಳು ವರ್ಷ ಗೊಯ್ಕೊ ಮೂವತ್ತು ಜನಕ್ಕೆ ಬೇಯಿಸಿ, ಸೂಟು ತೊಟ್ಟು, ಬಾಗಿಲು ಅರ್ಧ ತೆರೆದಿಟ್ಟು, ಬೆಳಗಿನಿಂದ ಸಂಜೆಯವರೆಗೆ ನಿಂತಿದ್ದಾನೆ. ಒಂದು ನರಪಿಳ್ಳೆ ಬಂದಿಲ್ಲ.

ನಾವೇನು ಕಲ್ಲು ಮನಸ್ಸಿನವರಲ್ಲ. ವಾಸನೆ ಮೆಟ್ಟಿಲ ತುಂಬ ಬರುತ್ತಿತ್ತು. "ಗೊಯ್ಕೊ ಮನೇಲಿ ಇವತ್ತು ಜೋರು, ಅವನ ಕಡೆ ಜನ ಬಂದಿರ್ಬೇಕು," ಎಂದು ಝಾಗೊರ್ಕಾ ಹೇಳುತ್ತಿದ್ದಳು. "ನಮ್ಮನ್ನೆಲ್ಲ ಕರೀತಾನಾ ಅವ್ನು," ಎಂದು ನಾನು ಮೂಗು ಮುರಿಯುತ್ತಿದ್ದೆ. ಕರೆಯುವಂತಿಲ್ಲ ಎಂದು ಗೊತ್ತಿದ್ದೂ ಹೀಗೆ ಅಂದವಳು ನಾನು. ನನ್ನ ನಾಲಗೆಗೆ ಬರೆ ಹಾಕಬೇಕು.

ಆ ವರ್ಷ ಅಕ್ಟೋಬರ್ ಮೂವತ್ತೊಂದು ಶನಿವಾರ ಬಿದ್ದಿತ್ತು. ಮಧ್ಯಾಹ್ನ ಒಂದು ಗಂಟೆಗೆ ನಾನು ಒಲೆಯ ಮೇಲೆ ಮೊಟ್ಟೆ ಇಡುವುದಕ್ಕೂ ಸಿಂಕಿನ ಕೆಳಗಿನ ರಬ್ಬರ್ ಪೈಪು ಪಟ್ಟೆಂದು ಹರಿಯುವುದಕ್ಕೂ ಸರಿಹೋಯಿತು. ನೀರು ಹಾವಿನ ಹಾಗೆ ಚಿಮ್ಮಿತು. ನೀರು ನಿಲ್ಲಿಸುವ ತಿರುಪು ತಿರುಗಿಸಲು ಹೋದೆ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಲೆ ಆರಿಸಿ, ಕೆಳಗೆ ಒಂದು ಟಬ್ಬು ತಳ್ಳಿ, ನೆಲಕ್ಕೆ ಟವೆಲು ಎಸೆದು, ಕೈಗೆ ಸಿಕ್ಕಿದ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿದೆ. ಬಕೆಟ್ಟು ಯಾಕೆ ಹಿಡಿದುಕೊಂಡೆ ಎಂದು ಕೇಳಬೇಡಿ. ಲಿಫ್ಟು ಕೆಟ್ಟಿತ್ತು, ಅದು ಯಾವಾಗ ಸರಿಯಿತ್ತು ಎಂದೂ ಕೇಳಬೇಡಿ.

ಏಳನೇ ಮಹಡಿ ಮುಟ್ಟುವಾಗ ಏದುಸಿರು. ಬಾಗಿಲು ಅರ್ಧ ತೆರೆದಿತ್ತು. ತಳ್ಳಿಕೊಂಡು, "ಗೊಯ್ಕೊ!" ಎಂದು ಕೂಗಿ ಒಳಗೆ ಕಾಲಿಟ್ಟೆ.

ಅವನು ಬಾಗಿಲ ಪಕ್ಕದಲ್ಲೇ ನಿಂತಿದ್ದ. ಕಪ್ಪು ಸೂಟು, ನುಸಿಗುಳಿಗೆಯ ವಾಸನೆ, ಕೂದಲು ನೀರು ಹಚ್ಚಿ ಬಾಚಿದ್ದು. ಅವನ ಹಿಂದೆ ಒಳಗಿನ ಬಾಗಿಲುಗಳ ಹಲಗೆ ಕಳಚಿ ಜೋಡಿಸಿ ಮಾಡಿದ ಉದ್ದನೆಯ ಮೇಜು, ಬಿಳಿ ಬಟ್ಟೆ, ಮೂವತ್ತು ತಟ್ಟೆ, ಮೂವತ್ತು ಲೋಟ. ಕೋಸಿನೆಲೆಯಲ್ಲಿ ಮಾಂಸ, ಅಕ್ಕಿ ಸುತ್ತಿ ಬೇಯಿಸಿದ ಸಾರ್ಮಾ ದೊಡ್ಡ ಮಣ್ಣಿನ ಗಡಿಗೆಯಲ್ಲಿ. ಹುರಿದ ಹಂದಿ, ಆಲೂಗಡ್ಡೆ, ಮೂರು ಥರದ ಹಲ್ವದಂಥ ತಿಂಡಿ. ಮೇಣದ ಬತ್ತಿ ಅರ್ಧ ಉರಿದಿತ್ತು. ಒಂದು ತಟ್ಟೆಯೂ ಕದಲಿರಲಿಲ್ಲ.

ಅವನು ನನ್ನನ್ನು ನೋಡಿದ. ನನ್ನ ಒದ್ದೆ ಚಪ್ಪಲಿ ನೋಡಿದ, ಬಕೆಟ್ಟು ನೋಡಿದ, ಮತ್ತೆ ಮುಖ ನೋಡಿದ.

"ಬಂದ್ಯಾ, ಪೆರ್ಸಿದಕ್ಕ?" ಅಂದ. ಅಷ್ಟೇ ಅಂದದ್ದು.

ನಾನು ಬಾಯಿ ತೆರೆದದ್ದು ಪೈಪಿನ ವಿಷಯ ಹೇಳಲು. ದೇವರಾಣೆ, ಅದಕ್ಕೇ. ಆದರೆ ಆ ಮುಖ ನೋಡಿದೆ. ಏಳು ವರ್ಷ ನಿಂತವನ ಮುಖ ಅದು. ನನಗೆ ಅಳು ಬಂತು, ಸುಳ್ಳೇಕೆ.

"ಬಂದೆ ಕಣಪ್ಪ. ಸ್ಲಾವಾ ಶುಭವಾಗಲಿ, ಯಜಮಾನ," ಅಂದೆ. ಬಕೆಟ್ಟನ್ನು ಬಾಗಿಲ ಹಿಂದೆ ಸರಿಸಿದೆ.

ಗೋಧಿಯ ಬಟ್ಟಲು ಹಿಡಿದುಕೊಂಡು ಬಂದ. ಬಟ್ಟಲಿನಲ್ಲಿ ಚಮಚಗಳು ಕಿಣಿಕಿಣಿ ಅನ್ನುತ್ತಿದ್ದವು. ಶಿಲುಬೆಯ ಗುರುತು ಹಾಕಿ ಒಂದು ಚಮಚ ಬಾಯಿಗೆ ಇಟ್ಟೆ. ಅಲ್ಲಿಗೆ ಮುಗಿಯಿತು; ನಾನು ಅತಿಥಿ. ಕೆಳಗೆ ನನ್ನ ಅಡುಗೆಮನೆಯಲ್ಲಿ ನೀರು ಸುರಿಯುತ್ತಿದೆ, ಮೇಲೆ ನಾನು ಮೂವತ್ತು ಕುರ್ಚಿಗಳ ನಡುವೆ ಕೂತು ಹಣ್ಣಿನ ಸಾರಾಯಿ ರಾಕಿಯಾ ಹೀರುತ್ತಿದ್ದೇನೆ.

"ಉಪ್ಪು ಸರಿ ಇದೆಯಾ?"

"ಸರಿ ಇದೆಯಪ್ಪ."

"ಇನ್ನೊಂದು ಹಾಕ್ಲಾ?"

"ಹಾಕು ಮಾರಾಯ, ಹಾಕು." ನನ್ನ ಕಿವಿಯೆಲ್ಲ ಮೆಟ್ಟಿಲ ಕಡೆಗೇ ಇತ್ತು.

ಐದು ನಿಮಿಷವಾಗಿರಬಹುದು. ಮೆಟ್ಟಿಲಲ್ಲಿ ಧಬಧಬ ಸದ್ದು, ಅದರ ಹಿಂದೆ ಝಾಗೊರ್ಕಾಳ ಗಂಟಲು. "ಎಲ್ಲಿ ಹೋದ್ಳು ಆ ಪೆರ್ಸಿದಾ? ಮನೆ ಬಾಗ್ಲು ಹಾರು ಹೊಡ್ಕೊಂಡಿದೆ, ಇವಳು ನೋಡಿದ್ರೆ ಪತ್ತೆ ಇಲ್ಲ! ನನ್ನ ಸೀಲಿಂಗು..."

ನಾನು ಕುರ್ಚಿ ಬಿಟ್ಟು ಚಿಗರೆಯಂತೆ ಬಾಗಿಲಿಗೆ ಹಾರಿದೆ. ಅರವತ್ತಾರು ವರ್ಷದ ಮಂಡಿಗೆ ಅಷ್ಟು ಶಕ್ತಿ ಎಲ್ಲಿತ್ತೋ.

"ಓಹೋ, ಬಾ ಬಾ ಝಾಗೊರ್ಕಾ! ನೋಡೋ ಗೊಯ್ಕೊ, ಝಾಗೊರ್ಕಾನೂ ಬಂದ್ಳು! ಸಂತ ಲೂಕನ ದಿನ ಅಂತ ನೆನಪಿಟ್ಕೊಂಡು ಬಂದಿದಾಳೆ!"

"ಲೂಕನೋ ಗೀಕನೋ, ನನ್ನ ಸೀಲಿಂಗಿಂದ..."

ನಾನು ಅವಳ ತೋಳು ಹಿಂಡಿದೆ. ಅವಳು "ಅಮ್ಮಾ!" ಎಂದು ಕಿರುಚಿ ನನ್ನ ಭುಜದಾಚೆ ನೋಡಿದಳು. ಮೇಜು ನೋಡಿದಳು. ಖಾಲಿ ಕುರ್ಚಿಗಳನ್ನು ನೋಡಿದಳು. ಬಟ್ಟಲು ಹಿಡಿದು ನಿಂತ ಗೊಯ್ಕೊನನ್ನು ನೋಡಿದಳು. ಝಾಗೊರ್ಕಾ ಕಟ್ಟಡದ ಸಂಘದ ಅಧ್ಯಕ್ಷೆ. ಜಗಳವಿಲ್ಲದೆ ಅವಳಿಗೆ ಕಾಫಿ ಇಳಿಯುವುದಿಲ್ಲ. ಆದರೆ ಹಳ್ಳಿಯ ಹೆಣ್ಣು. ಅವಳ ಮುಖ ಸಣ್ಣಗಾಯಿತು.

"ಸ್ಲಾವಾ ಶುಭವಾಗಲಿ, ಯಜಮಾನ," ಅಂದಳು. ಗೋಧಿ ಬಾಯಿಗೆ ಹಾಕಿಕೊಂಡೇ ನನ್ನ ಕಿವಿಯಲ್ಲಿ ಬುಸುಗುಟ್ಟಿದಳು: "ನಿನ್ನ ಚರ್ಮ ಸುಲೀತೀನಿ. ಆಮೇಲೆ."

ಹತ್ತು ನಿಮಿಷದಲ್ಲಿ ಅವಳನ್ನು ಹುಡುಕಿಕೊಂಡು ಅವಳ ಗಂಡ ಬೋರಾ ಬಂದ. ಟ್ರಾಮು ಓಡಿಸಿ ನಿವೃತ್ತನಾದವನು, ಯಾವುದಕ್ಕೂ ಅವಸರ ಮಾಡದ ಮನುಷ್ಯ. ತಲೆಯ ಮೇಲೆ ಸುಣ್ಣದ ಚೂರು, ಕೈಯಲ್ಲಿ ನೆಲ ಒರೆಸುವ ಬಟ್ಟೆ. ನಾವಿಬ್ಬರೂ ಒಟ್ಟಿಗೆ, "ಬೋರಾನೂ ಬಂದ!" ಎಂದು ಕೂಗಿದೆವು. ಅವನು ಕಣ್ಣು ಕಣ್ಣು ಬಿಟ್ಟು, ಬಾಯಿ ತೆರೆದ. ಆ ಬಾಯಿಗೆ ಗೊಯ್ಕೊ ಗೋಧಿ ತುಂಬಿದ. ನೆಲಮಾಳಿಗೆಯಲ್ಲಿ ಇಡೀ ಕಟ್ಟಡದ ನೀರು ನಿಲ್ಲಿಸುವ ದೊಡ್ಡ ತಿರುಪು ಇದೆ, ಅದರ ಬೀಗದ ಕೈ ಗೊಯ್ಕೊ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತದೆ, ಅದು ಎಲ್ಲರಿಗೂ ಗೊತ್ತು. ಯಜಮಾನ ಹಂದಿ ಕೊಯ್ಯಲು ಬೆನ್ನು ತಿರುಗಿಸಿದಾಗ ಅದನ್ನು ತೆಗೆದು ಬೋರಾನ ಜೇಬಿಗೆ ಇಳಿಸಿದೆ.

"ಬರಿಗೈಲಿ ಬಂದ್ಬಿಟ್ಟೆ ಕಣೋ ಗೊಯ್ಕೊ. ಮನೇಲಿ ಒಂದು ಒಳ್ಳೆ ವೈನಿತ್ತು, ತಂದೇ ಬಿಡ್ತೀನಿ," ಎಂದ ಬೋರಾ.

"ಅದೆಲ್ಲ ಯಾಕೆ, ಕೂತ್ಕೊ."

"ಇಲ್ಲ ಇಲ್ಲ, ಮರ್ಯಾದೆ ಪ್ರಶ್ನೆ," ಎಂದು ಎದ್ದು ಹೋದ. ಅಷ್ಟು ಬೇಗ ಬೋರಾ ಟ್ರಾಮನ್ನೂ ಓಡಿಸಿರಲಿಕ್ಕಿಲ್ಲ.

ನೀರು ನಿಂತಿತು. ನಾನು ಉಸ್ಸೆಂದು ಒರಗಿಕೊಂಡೆ. ನನ್ನ ಬುದ್ಧಿಗೆ ಹೊಳೆಯದಿದ್ದದ್ದು ಒಂದೇ: ಶನಿವಾರ ಮಧ್ಯಾಹ್ನ ಇಡೀ ಕಟ್ಟಡದ ನೀರು ನಿಂತರೆ ಜನ ಯಾರ ಮನೆಗೆ ಓಡುತ್ತಾರೆ?

ಮೊದಲು ಬಂದದ್ದು ಒಂಬತ್ತನೇ ಮಹಡಿಯ ಪಿಯಾನೋ ಟೀಚರು. ತಲೆಯ ತುಂಬ ಶಾಂಪೂ ನೊರೆ, ಮೇಲೆ ಟವೆಲು. "ಗೊಯ್ಕೊ, ನೀರು..." ಅನ್ನುವಷ್ಟರಲ್ಲಿ ಝಾಗೊರ್ಕಾ ಅವಳನ್ನು ಒಳಗೆ ಎಳೆದುಕೊಂಡಿದ್ದಳು. ಆಮೇಲೆ ಆರನೇ ಮಹಡಿಯ ಹೊಸ ದಂಪತಿ. ಆಮೇಲೆ ಹಲ್ಲಿನ ಡಾಕ್ಟರು, ಅರ್ಧ ಗಡ್ಡ ಬೋಳಿಸಿಕೊಂಡು. ಬಾಗಿಲಲ್ಲಿ ಅಧ್ಯಕ್ಷೆಯೇ ಕಾವಲು. ಬಂದವರ ಬಾಯಿಂದ ನೀರಿನ 'ನೀ' ಹೊರಡುವ ಮೊದಲೇ, "ಸ್ಲಾವಾಕ್ಕೆ ಬಂದ್ರಾ, ಬನ್ನಿ ಬನ್ನಿ, ನಾವೆಲ್ಲ ಇಲ್ಲೇ ಇದೀವಿ," ಎಂದು ಕಣ್ಣು ಕೆಕ್ಕರಿಸುತ್ತಿದ್ದಳು. ಆ ಕಣ್ಣಿಗೆ ಎದುರಾಡಿ ಬದುಕಿದವರು ನಮ್ಮ ಕಟ್ಟಡದಲ್ಲಿಲ್ಲ. ಮೂರು ಗಂಟೆಗೆ ಮೇಜಿನ ಸುತ್ತ ಇಪ್ಪತ್ತೆರಡು ಜನ. ಎಲ್ಲರೂ ಮನೆಯ ಚಪ್ಪಲಿಯಲ್ಲಿ. ಟೀಚರ ತಲೆಯ ಮೇಲೆ ನೊರೆ ಒಣಗಿ ಗಟ್ಟಿಯಾಗಿತ್ತು.

ಗೊಯ್ಕೊ ಕೂರಲಿಲ್ಲ. ತಟ್ಟೆಯಿಂದ ತಟ್ಟೆಗೆ ಓಡಾಡಿದ, ಕಿವಿ ಕೆಂಪಗಾಗಿತ್ತು. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಡಿಸಿದ. "ಡಾಕ್ಟ್ರೇ, ನೀವು ತರಕಾರಿನೇ ಮುಟ್ಟಲ್ಲ, ನಿಮ್ಮ ಪೈಪೇ ಹೇಳುತ್ತೆ. ತಿನ್ನಿ." "ಟೀಚರಮ್ಮ, ನಿಮ್ಮನೇಲಿ ಬರೀ ಪ್ಯಾಕೆಟ್ ಸೂಪು. ಇದು ಸೂಪು ನೋಡಿ." ಬೇರೆ ದಿನವಾಗಿದ್ದರೆ ಹೊಡೆದಾಟವಾಗುತ್ತಿತ್ತು. ಆವತ್ತು ಎಲ್ಲರೂ ನಕ್ಕರು, ತಿಂದರು, ಬೋರಾ ಹಾಡಿದ. ಟ್ರಾಮಿನ ಬ್ರೇಕು ಹಾಕಿದ ಹಾಗೆ ಹಾಡುತ್ತಾನೆ ಅವನು, ಆದರೂ ಹಾಡಿದ.

ನಾನು ಒಂಬತ್ತು ಸಾರ್ಮಾ ತಿಂದೆ. ಹೊಟ್ಟೆ ತುಂಬ ಉಂಡು ಎಷ್ಟು ಕಾಲವಾಗಿತ್ತು ಎಂದು ಆಗ ಗೊತ್ತಾಯಿತು.

ಹೊರಡುವ ಮೊದಲು ಅವನು ಎಲ್ಲರಿಗೂ ಕಾಫಿ ಕೊಟ್ಟ. ಮನೆಗೆ ಇಳಿದು ನೆಲ ಒರೆಸುತ್ತಾ ಕೂತಾಗ ನನಗೆ ಆ ಕಾಫಿ ನೆನಪಾಯಿತು. ಕಟ್ಟಡದಲ್ಲಿ ಒಂದು ಹನಿ ನೀರಿಲ್ಲ. ಅವನು ಅಂಗಡಿಯ ಬಾಟಲಿ ನೀರು ಸುರಿದು ಕಾಯಿಸಿದ್ದ. ಇಡೀ ಮಧ್ಯಾಹ್ನ ಒಮ್ಮೆಯೂ ನಲ್ಲಿಗೆ ಕೈ ಹಾಕಿರಲಿಲ್ಲ. ನಲ್ಲಿಯವನು! ಅಂದರೆ ನೀರು ನಿಂತದ್ದು ಅವನಿಗೆ ಮೊದಲೇ ಗೊತ್ತಿತ್ತು.

ಮರುದಿನ ಬೆಳಗ್ಗೆ ಆರಕ್ಕೇ ಬಾಗಿಲು ತಟ್ಟಿದ. ನಾನು ಕರೆದಿರಲಿಲ್ಲ. ಎಲ್ಲಿ ಸೋರುತ್ತಿದೆ ಎಂದು ಕೇಳಲಿಲ್ಲ. ನೇರ ಸಿಂಕಿನ ಕೆಳಗೆ ಮಲಗಿದ. ಚೀಲದಲ್ಲಿ ಸರಿಯಾದ ಅಳತೆಯ ಹೊಸ ಪೈಪು ಇತ್ತು, ಹೊಸ ತಿರುಪೂ ಇತ್ತು.

"ಎರಡು ವರ್ಷದಿಂದ ಹೇಳ್ತಿದೀನಿ, ಇದನ್ನ ಬದಲಾಯಿಸು ಅಂತ," ಅಂದ, ಕೆಳಗಿನಿಂದಲೇ.

"ಗೊಯ್ಕೊ, ನಿನ್ನೆ ನಾನು..."

"ನಿನ್ನೆ ನೀನು ಸ್ಲಾವಾಕ್ಕೆ ಬಂದಿದ್ದೆ," ಅಂದ. "ಚೆನ್ನಾಗಿ ಉಂಡೆ. ಇನ್ನೇನು?"

ಅವನ ಮುಖ ಕಾಣುತ್ತಿರಲಿಲ್ಲ, ಎರಡು ಬೂಟುಗಳಷ್ಟೇ ಕಾಣುತ್ತಿದ್ದವು. ಬೂಟುಗಳಿಗೆ ಏನು ಹೇಳುವುದು?

ಝಾಗೊರ್ಕಾ ನನ್ನ ಚರ್ಮ ಸುಲಿಯಲಿಲ್ಲ. ಸೀಲಿಂಗಿಗೆ ಅವಳೇ ಸುಣ್ಣ ಹೊಡೆಸಿಕೊಂಡಳು. ಕಟ್ಟಡದಲ್ಲಿ ಯಾರೂ ಆ ದಿನದ ಮಾತೆತ್ತಲಿಲ್ಲ, ನಾಚಿಕೆಯೋ ಏನೋ. ನಾನೂ ಮರೆತಂತೆ ಇದ್ದೆ. ಮರುವರ್ಷ ಅಕ್ಟೋಬರಿನ ಕೊನೆಯ ವಾರದಲ್ಲಿ ಮಾರುಕಟ್ಟೆಯಲ್ಲಿ ಹುಳಿ ಕೋಸಿನ ಪೀಪಾಯಿಗಳ ಮುಂದೆ ಗೊಯ್ಕೊನನ್ನು ಕಂಡೆ. ಅವನು ನನ್ನನ್ನು ನೋಡಲಿಲ್ಲ. ಪ್ರತಿ ವರ್ಷ ಸಾರ್ಮಾಕ್ಕೆ ಹತ್ತು ಹನ್ನೆರಡು ಗಡ್ಡೆ ಕೊಳ್ಳುವವನು ಒಂದು ಗಡ್ಡೆ ಕೈಗೆ ತೆಗೆದುಕೊಂಡ. ತೂಗಿ ನೋಡಿ, ಅದನ್ನು ಇಟ್ಟು, ಅದಕ್ಕಿಂತ ಸಣ್ಣದನ್ನು ಆರಿಸಿದ.

ಒಬ್ಬರ ಅಳತೆ! ನನಗೆ ಇಷ್ಟು ವರ್ಷದಲ್ಲಿ ಬಾರದ ಅಳತೆ ಅವನಿಗೆ ಒಂದೇ ವರ್ಷದಲ್ಲಿ ಬಂದುಬಿಟ್ಟಿತ್ತು. ಯಾರೂ ಬಾರದ ಏಳು ವರ್ಷ ಅವನು ಮೂವತ್ತು ಜನಕ್ಕೆ ಬೇಯಿಸಿದ. ಆಗ ಅವನಿಗೊಂದು ಆಸೆ ಇತ್ತು: ಗೊತ್ತಿಲ್ಲ, ಅದಕ್ಕೇ ಬರುತ್ತಿಲ್ಲ ಅಂತ. ಈಗ ಇಡೀ ಕಟ್ಟಡಕ್ಕೆ ಗೊತ್ತು. ನೀರಿಗಾಗಿ ಬಂದವರು ನೀರು ಸರಿಯಾದ ಮೇಲೆ ಯಾಕೆ ಬಂದಾರು ಎಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ. ನನಗೆ ಅಲ್ಲೇ ಪೀಪಾಯಿಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಏನು ಮಾಡಬಹುದಿತ್ತು ಹೇಳಿ? "ನಾವೆಲ್ಲ ಬರ್ತೀವಿ, ಜಾಸ್ತಿ ಮಾಡು" ಎಂದು ಅವನಿಗೆ ಹೇಳಿದರೆ ಕರುಣೆ ತೋರಿಸಿದಂತೆ. ಅವನು ಬಾಗಿಲನ್ನೇ ಮುಚ್ಚಿಯಾನು. ಇನ್ನೊಬ್ಬರ ಸ್ಲಾವಾಕ್ಕೆ ನಾನು ಜನ ಕರೆಯುವುದಂತೂ ಇನ್ನೂ ಹೊಲಸು ಕೆಲಸ. ಮೆಟ್ಟಿಲಲ್ಲಿ ಝಾಗೊರ್ಕಾ ಸಿಕ್ಕಾಗ, "ನಾಳಿದ್ದು ಭಾನುವಾರ ಮೂವತ್ತೊಂದು," ಅಂದೆ, ಅಷ್ಟೇ.

"ಕ್ಯಾಲೆಂಡರು ನಮ್ಮನೇಲೂ ಇದೆ," ಎಂದು ಮುಖ ತಿರುಗಿಸಿಕೊಂಡು ಹೋದಳು. ಇವಳ ಕೊಬ್ಬಿಗೆ ಇಷ್ಟು ಬೆಂಕಿ ಹಾಕ!

ಮತ್ತೆ ಮಾರುಕಟ್ಟೆಗೆ ಹೋಗಿ ಕೋಸು ತಂದೆ. ನನಗೇ ಅಂತ ನಾಲ್ಕು ಸಾರ್ಮಾ ಮಾಡೋಣ ಎಂದು ಕೂತೆ. ನಾಲ್ಕೇ. ಎದ್ದಾಗ ಎಣಿಸಿದರೆ ಅರವತ್ತಾರು. ಹೇಳಿದೆನಲ್ಲ, ನನ್ನ ಕೈಯ ಹಣೆಬರಹ.

ಭಾನುವಾರ ಹನ್ನೆರಡಕ್ಕೆ ಒಳ್ಳೆಯ ಲಂಗ, ಹೊರಗಿನ ಬೂಟು ಹಾಕಿಕೊಂಡು, ವೈನಿನ ಬಾಟಲಿ, ಒಂದು ಪೊಟ್ಟಣ ಕಾಫಿ ಹಿಡಿದು ಹತ್ತಿದೆ. ಬಾಗಿಲು ತೆರೆದಿತ್ತು, ಒಂದು ಗೇಣಷ್ಟೇ. ತಟ್ಟಿ ಒಳಗೆ ಹೋದೆ. ಸೂಟು ತೊಟ್ಟು ನಿಂತಿದ್ದ. ಮೇಜು ಸಣ್ಣದು, ತಟ್ಟೆ ಮೂರು, ಒಲೆಯ ಮೇಲೆ ಹಾಲು ಕಾಯಿಸುವಷ್ಟು ಪಾತ್ರೆ.

ಅವನು ಮೊದಲು ನೋಡಿದ್ದು ನನ್ನ ಕಾಲು. ಬೂಟು ನೋಡಿದ. ಬೂಟು ಒಣಗಿತ್ತು.

"ಯಾವ ಪೈಪು?" ಅಂದ, ಮೆಲ್ಲಗೆ.

"ಯಾವುದೂ ಇಲ್ಲ."

"ಮತ್ತೆ?"

"ಮತ್ತೇನು ಮತ್ತೆ? ಸಂತ ಲೂಕ ಅಲ್ವೇನೋ ಇವತ್ತು? ಗೋಧಿ ಕೊಡ್ತೀಯೋ, ಬಾಗಿಲಲ್ಲೇ ನಿಲ್ಲಿಸ್ತೀಯೋ?"

ಅವನು ಗೋಡೆಯ ಕಡೆ ತಿರುಗಿಕೊಂಡ. ಆ ಎತ್ತರದ ಬೆನ್ನು ಅಲುಗಾಡುವುದನ್ನು ನೋಡಲಾರದೆ ನಾನು ಕಿಟಕಿ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಗೋಧಿ ತಂದ. ನಾನು ಚಮಚ ಬಾಯಿಗಿಡುವಾಗ ಮೆಟ್ಟಿಲಲ್ಲಿ ಧಬಧಬ. ಝಾಗೊರ್ಕಾ, ತಲೆಗೆ ಗುಂಗುರು ಕಟ್ಟಿಸಿಕೊಂಡು, ಬೋರಾನಿಗೆ ಟೈ ಕಟ್ಟಿ ಎಳೆದುಕೊಂಡು ಬಂದಿದ್ದಳು. ಅವರ ಹಿಂದೆ ಪಿಯಾನೋ ಟೀಚರು, ಒಣಗಿದ ತಲೆಯಲ್ಲಿ. ಆಮೇಲೆ ಡಾಕ್ಟರು, ಪೂರ್ತಿ ಬೋಳಿಸಿಕೊಂಡು. ಆರನೇ ಮಹಡಿಯವರು ಹೊಟ್ಟೆಯಲ್ಲೊಂದು ಕೂಸು ಸಮೇತ. ಇಪ್ಪತ್ತೆರಡು ಬರಲಿಲ್ಲ. ಹದಿಮೂರು ಜನ ಬಂದರು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ ಎಂದು ಅವರವರ ಮುಖ ನೋಡಿದರೇ ತಿಳಿಯುತ್ತಿತ್ತು.

ಝಾಗೊರ್ಕಾ ಪಾತ್ರೆಯ ಮುಚ್ಚಳ ಎತ್ತಿ ಇಣುಕಿದಳು. "ಎಂಟು! ಎಂಟೇ ಎಂಟು ಸಾರ್ಮಾ! ನಮ್ಮನೆ ಬೆಕ್ಕು ಇದಕ್ಕಿಂತ ಜಾಸ್ತಿ ತಿನ್ನುತ್ತೆ!"

ಗೊಯ್ಕೊ ಬಿಳಿಚಿಕೊಂಡ. ಸ್ಲಾವಾದ ದಿನ ಮೇಜು ಖಾಲಿಯಾದ ಯಜಮಾನನಿಗಿಂತ ನಮ್ಮಲ್ಲಿ ದೊಡ್ಡ ಅವಮಾನವಿಲ್ಲ. "ನೀವು ಬರ್ತೀರ ಅಂತ ನನಗೇನು ಗೊತ್ತು?" ಎಂದು ಕೂಗಿಬಿಟ್ಟ. ಅವನು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಯಾರೂ ಒಂದು ಮಾತು ಹೇಳ್ಲಿಲ್ಲ!"

"ಹೇಳೋದೇನೋ?" ಝಾಗೊರ್ಕಾ ಸೊಂಟದ ಮೇಲೆ ಕೈಯಿಟ್ಟಳು. "ಹೋದ ವರ್ಷ ಬಂದಿದ್ವಾ ಇಲ್ವಾ? ಬಂದವರು ಮತ್ತೆ ಬರ್ಬೇಕಾ ಬೇಡ್ವಾ? ಇಷ್ಟೂ ಗೊತ್ತಿಲ್ವಾ ನಿಂಗೆ? ನಿಮ್ಮಮ್ಮ ನಿಂಗೆ ಏನೂ ಕಲಿಸ್ಲಿಲ್ವಾ?"

ಗೊಯ್ಕೊನ ಬಾಯಿ ಹಾಗೇ ತೆರೆದಿತ್ತು. ಆಮೇಲೆ ಅವನು ನಕ್ಕ; ಕಣ್ಣಿಂದ ನೀರು ಸುರಿಯುತ್ತಲೇ ನಕ್ಕ. "ಕಲಿಸಿದ್ಳು ಕಣಮ್ಮ, ಕಲಿಸಿದ್ಳು. ನಾನೇ ದಡ್ಡ," ಅಂದ.

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ನಮ್ಮನೇಲಿ ನಾಲ್ಕು ಸಾರ್ಮಾ ಹೆಚ್ಚಾಗಿ ಬಿದ್ದಿದೆ."

"ಅತಿಥಿ ತಂದ ಅಡುಗೆ ನನ್ನ ಮೇಜಿನ ಮೇಲಾ?" ಗೊಯ್ಕೊ ಮತ್ತೆ ಕಲ್ಲಾದ. "ಸತ್ರೂ ಇಲ್ಲ."

"ಅಡುಗೆ ಅಂದ್ನಾ? ನನ್ನ ಪಾತ್ರೆ ತಳ ಸೋರ್ತಿದೆ, ನಿನ್ನ ಗಡಿಗೆಗೆ ಬಗ್ಗಿಸ್ಕೊ ಅಂದೆ. ಗಡಿಗೆ ನಿಂದು, ಸೌಟು ನಿಂದು, ಬಡಿಸೋನು ನೀನು. ನನ್ನದೇನಿದೆ ಅದರಲ್ಲಿ?"

ಅವನು ಯೋಚಿಸಿದ. ಬೋರಾನ ಕಡೆ ನೋಡಿದ; ಬೋರಾ ನ್ಯಾಯಾಧೀಶನ ಹಾಗೆ ತಲೆಯಾಡಿಸಿದ. ಇಬ್ಬರೂ ಇಳಿದು ಹೋಗಿ ನನ್ನ ಪಾತ್ರೆಯನ್ನು ಹೊತ್ತು ತಂದರು. ಅರವತ್ತಾರೂ ಅವನ ಮಣ್ಣಿನ ಗಡಿಗೆಗೆ ಬಿದ್ದವು. ಗೊಯ್ಕೊ ಒಂದನ್ನು ಬಾಯಿಗೆ ಹಾಕಿ, ನನ್ನ ಕಡೆ ನೋಡಿ, "ಉಪ್ಪು ಕಮ್ಮಿ," ಅಂದ. ನಾನೂರು ಮಕ್ಕಳು ಹೇಳದ ಮಾತು! ಆದರೂ ಆವತ್ತು ನಾನೇ ಉಪ್ಪು ಎತ್ತಿ ಕೊಟ್ಟೆ.

ಮರುದಿನ ನನ್ನ ಸಿಂಕು ಕಟ್ಟಿಕೊಂಡಿತು. ಗೊಯ್ಕೊ ಬಂದು ಪೈಪು ಬಿಚ್ಚಿ ಬಕೆಟ್ಟಿಗೆ ಸುರಿದು ಬಗ್ಗಿ ನೋಡಿದ. ಅಕ್ಕಿ, ಕೋಸಿನ ಚೂರು, ಕೊಬ್ಬು. ಬಹಳ ಹೊತ್ತು ನೋಡಿದ. "ಹಾಂ, ಈಗ ಇದು ಮನೆ ಪೈಪು," ಎಂದು ಎದ್ದು ಹೋದ. ಆ ಡಿಸೆಂಬರಿನಲ್ಲಿ ನಮ್ಮ ಮನೆಸಂತ ನಿಕೊಲಾನ ದಿನ ನಾನೂ ಬಾಗಿಲಿನ ಚಿಲಕ ತೆಗೆದಿಟ್ಟೆ. ಗಂಡ ಹೋದ ಮೇಲೆ ಒಳಗಿನಿಂದ ಬೀಗ ಹಾಕಿಕೊಂಡು ಬತ್ತಿ ಹಚ್ಚುತ್ತಿದ್ದವಳು. ಬಂದವರು ಬಂದರು. ಮೊದಲು ಬಂದವನು ತಲೆ ಬಗ್ಗಿಸಿಕೊಂಡೇ ಬಾಗಿಲು ದಾಟಿದ.

ಅದರ ಮುಂದಿನ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಹೋದಾಗ ಅದೇ ಪೀಪಾಯಿಗಳ ಮುಂದೆ ಗೊಯ್ಕೊ ನಿಂತಿದ್ದ. ನಾನು ಈರುಳ್ಳಿ ಚೀಲಗಳ ಹಿಂದೆ ನಿಂತು ಎಣಿಸಿದೆ. ಹದಿನಾಲ್ಕು ಗಡ್ಡೆ. ಕೋಸಿನವಳು ಹುಬ್ಬೇರಿಸಿ ಕೇಳಿದಳು: "ಅಬ್ಬಾ, ಎಷ್ಟು ಜನಕ್ಕಪ್ಪಾ ಇದು?"

"ಗೊತ್ತಿಲ್ಲಮ್ಮ," ಅಂದ ಗೊಯ್ಕೊ. ಇಡೀ ಮಾರುಕಟ್ಟೆಗೆ ಕೇಳುವ ಹಾಗೆ ಅಂದ. "ನಾನು ಯಾರನ್ನೂ ಕರೆದಿಲ್ಲ."